ಎದೆಯಲ್ಲಿ ಚಳಿ

ಜನವರಿ 18, 1999

ಡಾಕ್ಟರ್ ಹನುಮಂತಯ್ಯನವರು ಇವತ್ತು ಒಂದು ನೋಟುಬುಕ್ಕು ಕೊಟ್ಟರು. ಪೂರ್ಣಿಗೆ ದಿನವೂ ಏನೇನಾಗುತ್ತದೆಂದು ಅದರಲ್ಲಿ ಬರೆಯಬೇಕಂತೆ. ಎಷ್ಟು ಹೊತ್ತಿಗೆ ಕೆಮ್ಮಿದಳು, ಯಾವ ಮಗ್ಗುಲಿಗೆ ಮಲಗಿದಳು, ಏನು ಕನಸು ಬಿತ್ತು, ಎಲ್ಲ. ಕಂಡದ್ದಷ್ಟೇ ಬರೆಯಿರಿ, ನಿಮ್ಮ ಅಭಿಪ್ರಾಯ ಬೇಡ ಅಂದರು. ಅಭಿಪ್ರಾಯ ಹೇಳದೆ ಇರುವುದು ನನ್ನಿಂದಾಗುವ ಕೆಲಸವೇ? ಅದಕ್ಕೇ ಇದು ಇನ್ನೊಂದು ಪುಸ್ತಕ, ನನಗೆಂದೇ ಇಟ್ಟುಕೊಂಡದ್ದು. ಪೂರ್ಣಿಯ ಹಳೆಯ ರಫ್ ನೋಟು, ಹಿಂದಿನ ಹಾಳೆಗಳು ಖಾಲಿ ಇದ್ದವು.

ಪೂರ್ಣಿಗೆ ಹತ್ತು ವರ್ಷ. ಮೂರನೆಯ ವರ್ಷದಿಂದ ಉಬ್ಬಸ. ದೊಡ್ಡ ಆಸ್ಪತ್ರೆಯ ಡಾಕ್ಟರು ಬೆಳಿಗ್ಗೆ ಎರಡು, ರಾತ್ರಿ ಎರಡು ಪಫ್ ಎಳೆದುಕೊಳ್ಳಲಿ ಅನ್ನುತ್ತಾರೆ. ಎಷ್ಟು ದಿನ ಎಂದು ಕೇಳಿದರೆ ‘ಪಾಕ್ಕಲಾಂ’ ಅನ್ನುತ್ತಾರೆ, ನೋಡೋಣವಂತೆ. ಏಳು ವರ್ಷದಿಂದ ನೋಡುತ್ತಲೇ ಇದ್ದೇವೆ. ಹೆಣ್ಣುಮಗು ಜೀವಮಾನವಿಡೀ ಆ ಡಬ್ಬಿ ಚೀಲದಲ್ಲಿಟ್ಟುಕೊಂಡು ತಿರುಗಬೇಕೇ?

ಕೆಳಗಿನ ಮನೆಯ ಅಂಬುಜಾ ಈ ಹೋಮಿಯೋಪತಿ ಡಾಕ್ಟರ ವಿಳಾಸ ಕೊಟ್ಟಳು. ತುಮಕೂರಿನವರು. ಮದರಾಸಿಗೆ ಬಂದು ಎರಡೇ ವರ್ಷ, ನಮ್ಮ ಪುರಸೈವಾಕ್ಕಂನಲ್ಲೇ ಪಾತ್ರೆ ಅಂಗಡಿಯ ಮೇಲಿನ ಒಂದು ಕೋಣೆಯಲ್ಲಿ ಕೂರುತ್ತಾರೆ. ತಮಿಳು ಇನ್ನೂ ಸರಿಯಾಗಿ ಬಾರದು. ನನಗೆ ಅದೇ ಹಿಡಿಸಿತು. ಗದಗ ಬಿಟ್ಟು ಹದಿಮೂರು ವರ್ಷವಾದ ಮೇಲೆ, ಮಗಳ ಕಷ್ಟವನ್ನು ನಮ್ಮ ಮಾತಿನಲ್ಲಿ ಪೂರ್ತಿ ಹೇಳಿಕೊಳ್ಳಲು ಒಬ್ಬ ಡಾಕ್ಟರು ಸಿಕ್ಕಿದರು.

ಮೂರು ತಾಸು ಕೇಳಿದರು. ಮೊದಲನೆಯ ಪ್ರಶ್ನೆಯೇ ಮುಖ್ಯ ತೊಂದರೆ ಏನೆಂದು. ಸದಾ ಚಳಿ, ಬಿಸಿಲಿರಲಿ ಮಳೆಯಿರಲಿ ಹನ್ನೆರಡು ತಿಂಗಳೂ ಚಳಿ ಎಂದೆ. ಬರೆದುಕೊಂಡು ಅದರ ಕೆಳಗೆ ಮೂರು ಗೆರೆ ಎಳೆದರು. ಫ್ಯಾನು ಬೇಕಾ ಅಂದರು, ಹಾಕಗೊಡುವುದಿಲ್ಲ ಎಂದೆ. ಪೂರ್ಣಿಯನ್ನೂ ಏನೋ ಕೇಳಿದರು, ಅವಳ ಬಾಯಿಂದ ಎಂದಿನಂತೆ ತಮಿಳು ಹೊರಟಿತು. ಡಾಕ್ಟರು ನನ್ನ ಮುಖ ನೋಡಿದರು. ಉಳಿದದ್ದೆಲ್ಲ ಅವಳ ಪರವಾಗಿ ನಾನೇ ಹೇಳಿದೆ.

ಜನವರಿ 25

ಇವತ್ತು ನಿದ್ದೆ ಬರುವ ಹಾಗಿಲ್ಲ.

ಹಳೆಯ ಕಾಯಿಲೆಗಳಿಗೆಲ್ಲ ಒಳಗೊಂದು ಬೇರಿರುತ್ತದಂತೆ. ಅದರ ಹೆಸರು ಸೋರಾ. ಅದು ಮೊದಲು ಚರ್ಮದ ಮೇಲೆ ಕಜ್ಜಿಯಾಗಿಯೋ ಇಸುಬಾಗಿಯೋ ಕಾಣಿಸಿಕೊಳ್ಳುತ್ತದೆ. ಹೊರಗಿದ್ದಷ್ಟು ದಿನ ಭಯವಿಲ್ಲ. ಮುಲಾಮು ಹಚ್ಚಿ ಅದನ್ನು ಮುಚ್ಚಿಬಿಟ್ಟರೆ ಒಳಕ್ಕೆ ಸರಿದು ಶ್ವಾಸಕೋಶವನ್ನೋ ಹೃದಯವನ್ನೋ ಹಿಡಿಯುತ್ತದೆ. ಇಷ್ಟು ಹೇಳಿ, ಮಗುವಿಗೆ ಚಿಕ್ಕಂದಿನಲ್ಲಿ ಚರ್ಮದ್ದೇನಾದರೂ ಆಗಿತ್ತಾ ಅಂದರು.

ಆಗಿತ್ತು. ಒಂದೂವರೆ ವರ್ಷದವಳಿದ್ದಾಗ ಎರಡೂ ಮೊಣಕೈ ಮಡಿಕೆಯಲ್ಲಿ ಇಸುಬು. ಮೆಡಿಕಲ್ ಶಾಪಿನಿಂದ ಟ್ಯೂಬು ತಂದು ನಾನೇ ಹಚ್ಚಿದೆ. ವಾರದೊಳಗೆ ಮಾಯ. ಕೈ ಹೇಗೆ ಹೂವಿನ ಹಾಗಾಯಿತು ನೋಡಿ ಎಂದು ಓಣಿಗೆಲ್ಲ ತೋರಿಸಿಕೊಂಡು ಬಂದಿದ್ದೆ.

ಡಾಕ್ಟರು ಒಳ್ಳೆಯವರು. ನಿಮ್ಮ ತಪ್ಪಲ್ಲಮ್ಮ, ಎಲ್ಲ ತಾಯಂದಿರೂ ಹೀಗೇ ಮಾಡ್ತಾರೆ ಅಂದರು. ತಪ್ಪಿಲ್ಲದವರಿಗೆ ಯಾರೂ ಹಾಗೆ ಸಮಾಧಾನ ಹೇಳುವುದಿಲ್ಲ.

ಗುಣವಾಗುವಾಗ ರೋಗ ಬಂದ ದಾರಿಯಲ್ಲೇ ಹಿಂದಕ್ಕೆ ಹೋಗುತ್ತದಂತೆ. ಉಬ್ಬಸ ಇಳಿದು ಆ ಇಸುಬು ಅದೇ ಜಾಗದಲ್ಲಿ ಮತ್ತೆ ಏಳಬೇಕು. ಎದ್ದರೆ ಗೆದ್ದೆವು.

ಫೆಬ್ರವರಿ 2

ಸೋರಾ ವಂಶದಲ್ಲೂ ಇಳಿದು ಬರುತ್ತದೆ ಎಂದು ಮಾವನವರನ್ನೂ ಕರೆಸಿದ್ದರು. ಮುರಿಗೆಪ್ಪನವರು ಎಪ್ಪತ್ತನಾಲ್ಕರಲ್ಲೂ ಇಸ್ತ್ರಿ ಧೋತರ ಉಟ್ಟು, ಮೂರು ಬೆರಳು ವಿಭೂತಿ ಹಚ್ಚಿ ಹೊರಟರು. ಕಜ್ಜಿ, ಕ್ಷಯ, ಮೂಲವ್ಯಾಧಿ ಎಲ್ಲದಕ್ಕೂ ನೆಟ್ಟಗೆ ಉತ್ತರ ಕೊಟ್ಟರು. ಆಮೇಲೆ ಡಾಕ್ಟರು ದನಿ ತಗ್ಗಿಸಿ, ನಿಮಗಾಗಲಿ ನಿಮ್ಮ ತಂದೆಯವರಿಗಾಗಲಿ ಗುಪ್ತರೋಗವೇನಾದರೂ ಎಂದರು. ಮಾವನವರು ಎದ್ದೇಬಿಟ್ಟರು. ಸೌಕಾರ್‌ಪೇಟೆಯಲ್ಲಿ ಐವತ್ತು ವರ್ಷ ಸೀರೆ ವ್ಯಾಪಾರ ಮಾಡಿದರೂ ಒಬ್ಬರೂ ಅವರನ್ನು ಈ ಮಾತು ಕೇಳಿರಲಿಲ್ಲವಂತೆ. ಮನೆಗೆ ಬಂದು ಮತ್ತೊಮ್ಮೆ ಸ್ನಾನ ಮಾಡಿದರು.

ನನಗೆ ನಗು ಬಂತು. ಬಹಳ ದಿನದ ಮೇಲೆ.

ಫೆಬ್ರವರಿ 16

ಇವತ್ತು ಔಷಧಿ ಕೊಟ್ಟರು. ನಾಲ್ಕು ಬಿಳಿ ಗುಳಿಗೆ, ಸಕ್ಕರೆ ಕಾಳಿನಷ್ಟು. ಒಂದೇ ಸಲ. ಇನ್ನು ಕಾಯಬೇಕಂತೆ. ಒಂದು ತಿಂಗಳೋ ಎರಡೋ, ಔಷಧಿ ತನ್ನ ಕೆಲಸ ತಾನು ಮಾಡುತ್ತದೆ. ನಡುವೆ ಕೈ ಹಾಕಬಾರದು. ಕಾಫಿ ಇಲ್ಲ, ಹಸಿ ಈರುಳ್ಳಿ ಇಲ್ಲ, ಎದೆಗೆ ತಿಕ್ಕುವ ಬಾಮು ಇಲ್ಲ, ಮನೆಯಲ್ಲಿ ಕರ್ಪೂರದ ವಾಸನೆಯೂ ಕೂಡದು. ಮಾವನವರು ಮರುಮಾತಾಡದೆ ಪೂಜೆಗೆ ಕರ್ಪೂರ ಬಿಟ್ಟರು. ಅಷ್ಟು ಅವಮಾನವಾದ ಮೇಲೂ ಬಿಟ್ಟರಲ್ಲ.

ಮೊದಮೊದಲು ಹೆಚ್ಚಾಗಬಹುದು, ಹೆಚ್ಚಾದರೆ ಔಷಧಿ ಹತ್ತಿತು ಎಂದರ್ಥ, ಹೆದರಬೇಡಿ ಅಂದರು. ಪಫ್ ಏನು ಮಾಡಲಿ ಎಂದೆ. ತೀರಾ ಅಗತ್ಯ ಬಿದ್ದರೆ ಮಾತ್ರ ಅಂದರು. ಪಫ್ ತೆಗೆದು ಅಲ್ಮಾರದ ಮೇಲಿನ ಖಾನೆಯಲ್ಲಿಟ್ಟೆ. ತೀರಾ ಎಂದರೆ ಎಷ್ಟು ಎಂದು ಕೇಳುವುದು ಮರೆತೆ.

ಮಾರ್ಚ್ 9

ಇವರು ಸೌಕಾರ್‌ಪೇಟೆಯಿಂದ ಬರುವಾಗ ಒಂದು ಸ್ವೆಟರು ತಂದಿದ್ದಾರೆ. ಮದರಾಸಿನಲ್ಲಿ ಮಾರ್ಚ್ ತಿಂಗಳಲ್ಲಿ ಸ್ವೆಟರು ಕೇಳಿದ್ದಕ್ಕೆ ಅಂಗಡಿಯವನು ಇವರನ್ನು ಮೇಲಿಂದ ಕೆಳಗೆ ನೋಡಿದನಂತೆ. ನಾನೇ ಹೇಳಿ ತರಿಸಿದ್ದು. ನಿಮ್ಮ ಮಗು ಚಳಿಯ ದೇಹ, ಬೆಚ್ಚಗಿಡಿ ಅಂದಿದ್ದಾರೆ ಡಾಕ್ಟರು. ಚಳಿ ಕಟ್ಟಬಾರದೆಂದರೆ ಬೆಚ್ಚಗಿರಬೇಕು, ಸರಿಯಾದ ಮಾತೇ. ಕಿಟಕಿ ಹಾಕಿದ್ದೇನೆ. ಫ್ಯಾನು ಬಂದ್.

ಪೂರ್ಣಿಯ ಹಟ ಹೇಳತೀರದು. ಹೊದಿಸಿದ ದುಪ್ಪಟಿ ಬೆಳಗಾಗುವುದರೊಳಗೆ ಕಾಲಬುಡದಲ್ಲಿ, ಅವಳು ಹಾಸಿಗೆ ಬಿಟ್ಟು ಬರೀ ಮೊಸಾಯಿಕ್ ನೆಲದ ಮೇಲೆ, ಕೆನ್ನೆ ನೆಲಕ್ಕೆ ಒತ್ತಿಕೊಂಡು. ಎತ್ತಿ ಮತ್ತೆ ಹಾಸಿಗೆಗೆ ಹಾಕುತ್ತೇನೆ. ಸ್ವೆಟರು ಹಾಕಿದ ಕೂಡಲೆ ‘ವೇರ್ಕುದು, ವೇರ್ಕುದು’ ಎಂದು ರಾಗ ತೆಗೆದಳು. ಮನೆಯಲ್ಲಿ ತಮಿಳಾಡಿದರೆ ನಾನು ಉತ್ತರ ಕೊಡುವುದಿಲ್ಲ, ಇದು ಅವಳಿಗೆ ಗೊತ್ತಿದ್ದ ನಿಯಮ. ಕನ್ನಡದಾಗ ಹೇಳು ಎಂದೆ. ಸುಮ್ಮನಾದಳು.

ಇವರೂ ಹಾಗೆಯೇ. ಇಲ್ಲೇ ಹುಟ್ಟಿ ಬೆಳೆದವರು, ಬಾಯಿ ಬಿಟ್ಟರೆ ಅರ್ಧ ತಮಿಳು. ಸಿದ್ಧಲಿಂಗೇಶ ಅನ್ನುವ ಹೆಸರೊಂದೇ ಅವರಲ್ಲಿ ಕಲಬೆರಕೆಯಾಗದೆ ಉಳಿದಿರುವುದು. ಗದಗಿನಲ್ಲಿ ನಮ್ಮವ್ವ ಇವರ ಮಾತು ಕೇಳಿ ಇನ್ನೂ ಸೆರಗು ಬಾಯಿಗೆ ಹಿಡಿದು ನಗುತ್ತಾಳೆ. ಮಗಳೊಬ್ಬಳಾದರೂ ನನ್ನ ಮಾತು ಉಳಿಸಿಕೊಳ್ಳಲಿ ಎಂದು ನನ್ನ ಆಸೆ.

ಮಾರ್ಚ್ 28

ನಿನ್ನೆ ಉಬ್ಬಸ ಎರಡು ಸಲ ಬಂತು. ಇವತ್ತು ಮೂರು ಸಲ. ಹೆಚ್ಚಾಗುತ್ತಿದೆ. ಡಾಕ್ಟರು ಹೇಳಿದ ಹಾಗೆಯೇ ಆಗುತ್ತಿದೆ.

ಶಾಲೆಯಲ್ಲಿ ಅವಳಿಗೆ ‘ಊಟಿ’ ಎಂದು ಹೆಸರಿಟ್ಟಿದ್ದಾರಂತೆ. ಸ್ವೆಟರಿನ ದೆಸೆಯಿಂದ. ಇಡಲಿ.

ಏಪ್ರಿಲ್ 14

ಬಂತು. ಬಂತು. ಬಂತು.

ಬೆಳಿಗ್ಗೆ ತಲೆ ಬಾಚುವಾಗ ಎಂದಿನಂತೆ ತೋಳು ಮಡಿಸಿ ನೋಡಿದೆ. ಎರಡು ತಿಂಗಳಿಂದ ದಿನವೂ ನೋಡುತ್ತಿದ್ದೇನೆ. ಮೊಣಕೈ ಮಡಿಕೆಯಲ್ಲಿ ಕೆಂಪನೆಯ ಗುಳ್ಳೆ, ಎರಡೂ ಕಡೆ, ಅದೇ ಜಾಗ. ಕುತ್ತಿಗೆಯಲ್ಲೂ ಇದೆ. ಪೂರ್ಣಿ ಪರಪರ ಕೆರೆದುಕೊಳ್ಳುತ್ತಿದ್ದಳು. ಕೆರಕೋ ನನ್ನವ್ವ ಎಂದು ಮುತ್ತಿಟ್ಟೆ. ಮಗು ಹೆದರಿ ನನ್ನನ್ನೇ ನೋಡಿತು.

ಇವತ್ತು ತಮಿಳರ ಹೊಸವರ್ಷ, ಓಣಿಯೆಲ್ಲ ರಂಗೋಲಿ. ನಮಗೆ ಈ ಹಬ್ಬವಿಲ್ಲ, ಆದರೂ ಹೋಳಿಗೆ ಮಾಡಿದೆ. ಇವರು ಊಟಕ್ಕೆ ಬಂದವರು ಮಗಳ ತೋಳು ಬೆಳಕಿಗೆ ಹಿಡಿದು, “ಇದು ವೇರ್ಕುರು, ಜಯಾ. ಬ್ಯಾರೆ ಏನೂ ಅಲ್ಲ. ಆ ಸ್ವೆಟರ್ ಬಿಚ್ಚು” ಅಂದರು. ಕನ್ನಡದಾಗ ಏನಂತಾರ ಅದಕ್ಕ ಎಂದು ಕೇಳಿದೆ. ಗೊತ್ತಿಲ್ಲ, ವೇರ್ಕುರು ಅಂದರ ವೇರ್ಕುರು ಅಂದರು. ರೋಗದ ಹೆಸರೇ ಗೊತ್ತಿಲ್ಲದವರು ಡಾಕ್ಟರಿಕೆ ಮಾಡಬೇಡಿ ಎಂದೆ. ಹೋಳಿಗೆ ಅರ್ಧಕ್ಕೇ ಬಿಟ್ಟು ಎದ್ದು ಹೋದರು.

ಬೆವರುಸಾಲೆ ಅನ್ನುತ್ತಿದ್ದಾರೆ, ನನಗೇನು ತಿಳಿಯುವುದಿಲ್ಲವೇ? ಎಂಟೂವರೆ ವರ್ಷ ಒಳಗೆ ಕೂತದ್ದು ಹೊರಗೆ ಬಂದಿದೆ. ನಾನು ಒಳಕ್ಕೆ ಅಟ್ಟಿದ್ದು. ಎರಡು ತಿಂಗಳಲ್ಲಿ ಮೊದಲ ಸಲ ಹೊಟ್ಟೆತುಂಬ ಉಂಡೆ.

ಏಪ್ರಿಲ್ 21

ಡಾಕ್ಟರ ನೋಟುಬುಕ್ಕಿಗೆ ಬರೆದದ್ದೇ ಇಲ್ಲಿಗೂ ಬಂತು. ಬೆಳಿಗ್ಗೆ ಆರು: ಒಣಕೆಮ್ಮು. ಎಂಟು: ಎದೆಯಲ್ಲಿ ಚಳಿ, ಗೊರಗೊರ ಸದ್ದು. ನೀರಡಿಕೆ ಹೆಚ್ಚು, ತಣ್ಣೀರೇ ಬೇಕೆನ್ನುವುದು, ಕೊಡಲಿಲ್ಲ. ಮಧ್ಯಾಹ್ನ ಎರಡು: ಉಬ್ಬಸ, ಅರ್ಧ ತಾಸು. ತುರಿಕೆ ಇದೆ. ರೋಗಿ ಮಾತಾಡುವುದು ಕಡಿಮೆ.

ಮೇ 6

ಇಲ್ಲಿಯವರು ಕತ್ತರಿ ಅನ್ನುವ ಕಡುಬಿಸಿಲು ಶುರುವಾಯಿತು. ಶಾಲೆಗೆ ರಜೆ, ಒಳ್ಳೆಯದಾಯಿತು, ಇಡೀ ದಿನ ಕಣ್ಣಮುಂದೆ ಇರುವುದರಿಂದ ಒಂದೂ ಲಕ್ಷಣ ತಪ್ಪಿಹೋಗುವುದಿಲ್ಲ. ತುರಿಕೆ ಬೆನ್ನಿಗೂ ಹಬ್ಬಿದೆ. ಉಬ್ಬಸ ದಿನಕ್ಕೆ ನಾಲ್ಕು. ಎರಡೂ ಒಟ್ಟಿಗೆ ಹೆಚ್ಚುವುದು ಹೇಗೆಂದು ಡಾಕ್ಟರನ್ನು ಕೇಳಿದೆ. ಕನ್ನಡಕ ತೆಗೆದು ಒರೆಸಿಕೊಂಡರು, ಇನ್ನೊಂದು ವಾರ ನೋಡೋಣ ಅಂದರು. ಅವರೂ ‘ಪಾಕ್ಕಲಾಂ’ ಅಂದ ಹಾಗಾಯಿತು.

ರೋಗಿ ನೆಲದ ಮೇಲೆ ಹೊರಳುವುದು ನಿಲ್ಲಿಸಿದೆ. ಹಾಕಿದಲ್ಲೇ ಮಲಗಿರುತ್ತದೆ. ಸುಧಾರಣೆ ಇರಬಹುದು.

ಮೇ 11

ಆಸ್ಪತ್ರೆ. ವರಾಂಡದಲ್ಲಿ ಕೂತು ಬರೆಯುತ್ತಿದ್ದೇನೆ. ನೋಟುಬುಕ್ಕು ಕೈಯಲ್ಲೇ ಬಂದುಬಿಟ್ಟಿದೆ. ಡಾಕ್ಟರದ್ದಲ್ಲ, ಇದು. ಯಾವುದು ಎತ್ತಿಕೊಂಡೆ ಎಂದೂ ಗೊತ್ತಾಗಲಿಲ್ಲ.

ಮಧ್ಯಾಹ್ನ ಊಟವಾಗಿತ್ತು. ಉಬ್ಬಸ ಹತ್ತಿತು. ಯಾವಾಗಿನಂತಲ್ಲ, ಕುತ್ತಿಗೆಯ ಗುಳಿ ಒಳಕ್ಕೆ ಎಳೆಯುತ್ತಿತ್ತು, ತುಟಿ ನೇರಳೆ ಬಣ್ಣ. ಮಾತಾಡಲು ಬಾಯಿ ತೆರೆದಳು, ಗಾಳಿಯೇ ಇರಲಿಲ್ಲ. ಇದು ತೀರಾ ಅನ್ನುವುದೋ ಅಲ್ಲವೋ? ಪಫ್ ಕೊಟ್ಟರೆ ಹೊರಬಂದದ್ದೆಲ್ಲ ಮತ್ತೆ ಒಳಗೆ ಹೋಗುತ್ತದೆ, ಮೂರು ತಿಂಗಳ ತಪಸ್ಸು ಹಾಳು, ಎರಡನೆಯ ಸಲ ನನ್ನ ಕೈಯಿಂದಲೇ. ಅಲ್ಮಾರದ ಮುಂದೆ ನಿಂತಿದ್ದೆ. ಗಡಿಯಾರ ನೋಡುತ್ತಿದ್ದೆ. ಎಷ್ಟು ಹೊತ್ತಿಗೆ ಶುರುವಾಯಿತೆಂದು ಬರೆಯಬೇಕಲ್ಲ. ಎರಡು ಗಂಟೆ ಹತ್ತು ನಿಮಿಷ.

ಮಾವನವರು ಪಕ್ಕದ ಕೋಣೆಯಿಂದ ಬಂದರು. ಜೋರು ಮಾಡಲಿಲ್ಲ. “ಗಡಿಯಾರ ಏನ್ ನೋಡ್ತಿ ತಂಗಿ, ಕೂಸಿನ ಮಾರಿ ನೋಡು” ಅಂದರು. ಅವರೇ ಸ್ವೆಟರು ಎಳೆದು ಬಿಚ್ಚಿದರು, ಕಿಟಕಿ ತೆರೆದರು, ಕುರ್ಚಿ ಹತ್ತಿ ಪಫ್ ಇಳಿಸಿದರು. ಎಪ್ಪತ್ತನಾಲ್ಕು ವರ್ಷದವರು ಕುರ್ಚಿ ಹತ್ತಿದರು. ನಾನು ಹಿಡಿದುಕೊಳ್ಳಲೂ ಇಲ್ಲ.

ಆಟೋದಲ್ಲಿ ಅವಳ ಬೆನ್ನು ಮುಟ್ಟಿದೆ. ನೀರಲ್ಲಿ ಅದ್ದಿ ತೆಗೆದ ಹಾಗೆ ಬೆವರು.

ಮೇ 13

ಪೂರ್ಣಿ ಉಸಿರಾಡುತ್ತಿದ್ದಾಳೆ. ಮೂತಿಗೆ ಹೊಗೆ ಬರುವ ಮುಖವಾಡ ಇಡುತ್ತಾರೆ, ತಾಸಿಗೊಮ್ಮೆ ಇದ್ದದ್ದು ಈಗ ನಾಲ್ಕು ತಾಸಿಗೊಮ್ಮೆ. ನರ್ಸು ಎಲ್ಲವನ್ನೂ ಅವಳನ್ನೇ ಕೇಳುತ್ತಾಳೆ, ತಮಿಳಿನಲ್ಲಿ. ಪೂರ್ಣಿ ಪಟಪಟನೆ ಉತ್ತರ ಕೊಡುತ್ತಾಳೆ. ಇಷ್ಟು ಮಾತು ಅವಳಲ್ಲಿತ್ತೇ? ಹಾಸಿಗೆಯ ಪಕ್ಕ ನಾನು ಸುಮ್ಮನೆ ಕೂತಿದ್ದೆ, ನನ್ನನ್ನು ಯಾರೂ ಏನೂ ಕೇಳಲಿಲ್ಲ.

ನರ್ಸು ಅವಳ ತೋಳಿನ ಗುಳ್ಳೆ ನೋಡಿ ವೇರ್ಕುರು ಎಂದು ಪೌಡರು ಹಚ್ಚಿದಳು. ನಾನು ತಡೆಯಲಿಲ್ಲ.

ಮೇ 20

ಮನೆಗೆ ಬಂದು ಮೂರು ದಿನ. ಇವತ್ತು ಹನುಮಂತಯ್ಯನವರ ಹತ್ತಿರ ಹೋಗಿದ್ದೆ. ಜಗಳಕ್ಕೆಂದೇ ಹೋದದ್ದು. ಅವರ ನೋಟುಬುಕ್ಕನ್ನು ಮೇಜಿನ ಮೇಲೆ ಕುಕ್ಕಿದೆ. ನೀವು ಹೇಳಿದ್ದೆಲ್ಲ ಮಾಡಿದೆ, ನನ್ನ ಮಗಳು ಸಾಯುತ್ತಿದ್ದಳು ಎಂದೆ. ಅವರು ಮೊದಲ ಹಾಳೆಯಿಂದ ಓದತೊಡಗಿದರು. ಓದುತ್ತ ಓದುತ್ತ ಏಪ್ರಿಲ್ ತಿಂಗಳಲ್ಲಿ ಬೆರಳು ನಿಂತಿತು.

“ಎದೆಯಲ್ಲಿ ಚಳಿ ಅಂತ ಬರ್ದಿದ್ದೀರಿ. ಎದೆಯಲ್ಲಿ ಚಳಿ ಹೇಗಮ್ಮ ಕಟ್ಟುತ್ತೆ?”

ಕಟ್ಟುತ್ತದಲ್ಲ, ಗೊರಗೊರ ಅನ್ನುತ್ತದಲ್ಲ, ಕೆಮ್ಮಿದರೆ ಹಳದಿಯಾಗಿ ಬರುತ್ತದಲ್ಲ ಎಂದೆ.

“ಅದು ಕಫ.”

ಹೌದು, ಅದೇ, ಚಳಿ ಎಂದೆ. ಅಂದ ಮೇಲೆ ಆ ಮಾತು ನನ್ನ ಕಿವಿಗೇ ಬಿತ್ತು.

ತಮಿಳರು ಕಫಕ್ಕೆ ಸಳಿ ಅನ್ನುತ್ತಾರೆ. ನೆಂಜಿನಲ್ಲಿ, ಅಂದರೆ ಎದೆಯಲ್ಲಿ, ಸಳಿ ಕಟ್ಟಿದೆ ಅನ್ನುತ್ತಾರೆ. ನಮ್ಮ ಗದಗಿನಲ್ಲಿ ಚಳಿ ಅಂದರೆ ಚಳಿಯೇ, ಡಿಸೆಂಬರ್ ತಿಂಗಳ ಬೆಳಗಿನದು. ಕಫಕ್ಕೆ ಕಫ ಎನ್ನುತ್ತಿದ್ದೆ ನಾನೂ. ಈ ಹದಿಮೂರು ವರ್ಷದಲ್ಲಿ ಯಾವ ದಿನ ಅವರ ಸಳಿ ನನ್ನ ಬಾಯಲ್ಲಿ ಚಳಿಯಾಗಿ ಕೂತಿತೋ ಗೊತ್ತೇ ಆಗಿಲ್ಲ. ಗಂಡನ ಮಾತಿನಲ್ಲಿ ತಮಿಳು ಹೆಕ್ಕುತ್ತ ಕೂತವಳು ನಾನು.

ಡಾಕ್ಟರು ಜನವರಿಯ ಕಾಗದ ತೆಗೆದರು. ಮೊದಲ ಸಾಲಿನಲ್ಲೇ ಚಳಿ, ಅದರ ಕೆಳಗೆ ಮೂರು ಗೆರೆ. ಚಳಿ ತಡೆಯದ ದೇಹ ಎಂದು ತಿಳಿದು ಆ ದೇಹಕ್ಕೆ ಹೊಂದುವ ಔಷಧಿ ಹುಡುಕಿದ್ದರು. ಬೆಚ್ಚಗಿಡಿ ಅಂದದ್ದೂ ಅದಕ್ಕೇ. ಮಗು ಹೊದಿಕೆ ಒದೆಯುತ್ತದೆ, ನೆಲ ಹುಡುಕುತ್ತದೆ, ತಣ್ಣೀರು ಕೇಳುತ್ತದೆ, ಎಲ್ಲವನ್ನೂ ನಾನು ಬರೆದಿದ್ದೆ. ಅವರು ಓದಿಯೂ ಇದ್ದರು. ಆ ಮೂರು ಗೆರೆ ದಾಟಿ ಇಬ್ಬರ ಕಣ್ಣೂ ಹೋಗಿರಲಿಲ್ಲ.

ಕಾಗದ ಮಡಿಸಿಟ್ಟರು. ಆಮೇಲೆ, “ಮಗೂನೇ ಕೇಳಬೇಕಾಗಿತ್ತು. ಅದು ತಮಿಳಲ್ಲಿ ಹೇಳುತ್ತೆ ಅಂತ ನಿಮ್ಮನ್ನ ಕೇಳಿದೆ” ಅಂದರು. ಜಗಳ ಆಡಲು ಹೋದವಳಿಗೆ ಜಗಳವೇ ಸಿಗಲಿಲ್ಲ.

ಹೊರಡುವಾಗ ಒಂದು ಪೊಟ್ಟಣ ಕೊಟ್ಟರು. ಈಗ ಚಿತ್ರ ಸರಿಯಾಯಿತು, ಇದು ಸರಿಯಾದ ಔಷಧಿ, ನಿಮಗೆ ನಂಬಿಕೆ ಇದ್ದರೆ ಕೊಡಿ, ಪಫ್ ಮಾತ್ರ ನಿಲ್ಲಿಸಬೇಡಿ ಅಂದರು. ಈ ಮಾತು ಫೆಬ್ರವರಿಯಲ್ಲೇ ಹೇಳಬಹುದಿತ್ತು. ತೀರಾ ಅಂದರೆ ಎಷ್ಟೆಂದು ನಾನೂ ಆಗಲೇ ಕೇಳಬಹುದಿತ್ತು.

ಪೊಟ್ಟಣ ಅಲ್ಮಾರದ ಮೇಲಿನ ಖಾನೆಯಲ್ಲಿದೆ, ಪಫ್ ಇದ್ದ ಜಾಗದಲ್ಲಿ. ಎಸೆಯಲು ಧೈರ್ಯವಿಲ್ಲ. ಕೊಡಲೂ ಇಲ್ಲ.

ಮೇ 24

ಪೂರ್ಣಿಯನ್ನು ಕೇಳಿಯೇಬಿಟ್ಟೆ. ಅಷ್ಟು ಸೆಕೆಯಾಗುತ್ತಿದ್ದರೆ ನನಗೇಕೆ ಹೇಳಲಿಲ್ಲ ಎಂದು. ಚಿತ್ರಕ್ಕೆ ಬಣ್ಣ ಹಚ್ಚುತ್ತಿದ್ದವಳು ತಲೆ ಎತ್ತದೆ ಅಂದಳು:

“ಸೊನ್ನೇನೇಮ್ಮಾ. ವೇರ್ಕುದುನ್ನು ಡೈಲಿ ಸೊನ್ನೇನ್. ನೀ ‘ಕನ್ನಡದಾಗ ಹೇಳು’ನ್ನು ಸೊನ್ನೆ. ಎನಕ್ಕು ವರಲೆ.”

ಹೇಳಿದೆನಲ್ಲಮ್ಮ. ಬೆವರುತ್ತಿದೆ ಎಂದು ದಿನವೂ ಹೇಳಿದೆ. ನೀನು ಕನ್ನಡದಲ್ಲಿ ಹೇಳು ಅಂದೆ. ನನಗೆ ಬರಲಿಲ್ಲ.

ಕೋಪವಿಲ್ಲದೆ ಹೇಳಿದಳು. ಹಸಿರು ಪೆನ್ಸಿಲು ಕೊಡು ಎಂದು ಕೈ ಚಾಚಿದಳು, ಕೊಟ್ಟೆ. ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ.

ಜೂನ್ 7

ಇವತ್ತು ಶಾಲೆ ಶುರು. ಬೆಳಿಗ್ಗೆ, ರಾತ್ರಿ ಎರಡೆರಡು ಪಫ್ ನಡೆದಿದೆ. ಎಷ್ಟು ವರ್ಷ ಎಂದು ನಾನು ಯಾರನ್ನೂ ಕೇಳುತ್ತಿಲ್ಲ. ಕೇಳಿದರೂ ಯಾರಿಗೂ ಗೊತ್ತಿಲ್ಲ, ಅದು ಈಗ ನನಗೆ ಗೊತ್ತಾಗಿದೆ. ಮಾವನವರ ಪೂಜೆಗೆ ಕರ್ಪೂರ ಬಂದಿದೆ.

ಸಂಜೆ ಶಾಲೆಯಿಂದ ಮೆಟ್ಟಿಲು ಹತ್ತಿ ಬಂದವಳು ಚೀಲ ಎಸೆದು ನೆಲದ ಮೇಲೆ ಮಲಗಿದಳು. ಅಡುಗೆಮನೆಯವರೆಗೂ ಎದೆಯ ಸಿಳ್ಳು ಕೇಳುತ್ತಿತ್ತು. ಹತ್ತಿರ ಹೋಗಿ “ಎಪ್ಪಡಿ ಇರುಕ್ಕು, ಕಣ್ಣು?” ಎಂದೆ. ಹೇಗಿದೆ ಕಂದಾ ಎಂದು ಕೇಳಲು ಬಾಯಿಗೆ ಬಂದದ್ದು ತಮಿಳೇ. ಅವಳು ಕಣ್ಣು ತೆರೆದು ನನ್ನನ್ನು ಒಂದು ಗಳಿಗೆ ನೋಡಿದಳು. ಆಮೇಲೆ ಉಸಿರು ಕೂಡಿಸಿಕೊಂಡು, ಒಂದೊಂದೇ ಮಾತು ಜೋಡಿಸಿ, ಗದಗಿನ ನಮ್ಮವ್ವ ಕೇಳಿದ್ದರೂ ಮೆಚ್ಚುವಷ್ಟು ಚೊಕ್ಕ ಹೇಳಿದಳು:

“ಆರಾಮ ಅದೀನಿ, ಅವ್ವಾ. ಏನೂ ಆಗಿಲ್ಲ.”

ಹೇಳುವಾಗ ಸಿಳ್ಳು ನಿಂತಿರಲಿಲ್ಲ.

ಚೀಲದಿಂದ ಪಫ್ ತೆಗೆದು ಅವಳ ಕೈಗೆ ಕೊಟ್ಟೆ. ಎಳೆದುಕೊಂಡಳು. ಫ್ಯಾನು ಹಾಕಿ ಬಂದು ಅವಳ ಪಕ್ಕದಲ್ಲಿ ನೆಲದ ಮೇಲೆ ಮಲಗಿ ಕೆನ್ನೆ ಇಟ್ಟೆ. ನೆಲ ತಣ್ಣಗಿತ್ತು.